ಏಳು ಮನೆಯ ಸಮ್ಮಾನ

ಇಂಗ್ಲೆಂಡಿನಿಂದ ನನಗೆ ಕಾಗದ ಬಂದ ಸುದ್ದಿ ನನಗಿಂತ ಮೊದಲು ಮೂಡುಬಿದಿರೆ ಪೇಟೆಗೆ ಗೊತ್ತಾಯಿತು. ಪೋಸ್ಟ್‌ಮ್ಯಾನ್ ಅದನ್ನು ಒಡೆದು ಓದಲಿಲ್ಲ, ಅಷ್ಟು ಮರ್ಯಾದಸ್ಥ. ಆದರೆ ಲಕೋಟೆಯ ಮೇಲಿನ ರಾಣಿಯ ತಲೆಯನ್ನು ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗೆ ಸಿಕ್ಕಿದವರಿಗೆಲ್ಲ ತೋರಿಸಿಕೊಂಡು ಬಂದ. ನಾನು ಆಗ ಅಲ್ಲಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ಮಂಗಳೂರಿನಲ್ಲಿ ಕಲಿತು ಬಂದು ನಾಲ್ಕು ವರ್ಷ ಆಗಿತ್ತು. ಇಸವಿ ಸಾವಿರದ ಒಂಬೈನೂರ ಅರವತ್ತಾರು, ನನಗೆ ಇಪ್ಪತ್ತಾರು.

ಲಂಡನ್ನಿನ ಆಚೆಯ ಯಾವುದೋ ಊರಿನ ಆಸ್ಪತ್ರೆಯವರು ಮೂರು ವರ್ಷದ ತರಬೇತಿಗೆ ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದರು. ಇರಲು ಕೋಣೆ, ಊಟ, ಕಲಿಯುವಾಗಲೇ ಕೈಗೆ ಸಂಬಳ. ಹಡಗಿನ ಟಿಕೆಟ್ ಮಾತ್ರ ನಾನೇ ಮಾಡಿಸಿಕೊಳ್ಳಬೇಕು. ಸೆಪ್ಟೆಂಬರಿನೊಳಗೆ ಅಲ್ಲಿರಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ.

ಟಿಕೆಟಿನ ಹಣ ಇದ್ದದ್ದು ಮಾವನ ಕೈಯಲ್ಲಿ. ನಮ್ಮದು ಅಳಿಯಸಂತಾನದ ಮನೆ. ಆಸ್ತಿ ಹೆಂಗಸರ ಕಡೆಯಿಂದ ಇಳಿದು ಬರುತ್ತದೆ ಎಂದು ಹೊರಗಿನವರು ಕಣ್ಣರಳಿಸುತ್ತಾರೆ. ಇಳಿದು ಬರುವುದೇನೋ ನಿಜ, ಬೀಗದ ಕೈ ಮಾತ್ರ ತಾಯಿಯ ಅಣ್ಣನ ಸೊಂಟದಲ್ಲಿರುತ್ತದೆ. ಬೆಳ್ತಂಗಡಿಯ ಪಕ್ಕ ಲಾಯಿಲದಲ್ಲಿ ನಮ್ಮ ಮನೆ. ಅಮ್ಮ ನಾನು ಸಣ್ಣವಳಿರುವಾಗಲೇ ತೀರಿಹೋಗಿದ್ದಳು. ನನ್ನನ್ನು ಸಾಕಿದ್ದು ಅವಳ ಅಕ್ಕ, ನನ್ನ ದೊಡ್ಡಮ್ಮ. ಯಜಮಾನಿಕೆ ಅವರಿಬ್ಬರ ಅಣ್ಣನಾದ ಮಾವನದು. ಮಾವನ ಹೆಂಡತಿ ಮಕ್ಕಳು ಕಟ್ಟಳೆಯಂತೆ ಮುಂಡಾಜೆಯಲ್ಲಿ ಹೆಂಡತಿಯ ತಾಯಿಮನೆಯಲ್ಲಿದ್ದರು. ಮಾವ ಶನಿವಾರ ಅಲ್ಲಿಗೆ ಹೋಗಿ ಸೋಮವಾರ ಬರುವುದು. ಉಳಿದ ದಿನ ಜಗಲಿಯಲ್ಲಿ ಕೂತು ಎಲ್ಲರ ಎಲ್ಲ ಪ್ರಶ್ನೆಗೂ ‘ನೋಡುವ’ ಎನ್ನುವುದು. ನನ್ನ ನರ್ಸಿಂಗ್ ಕಲಿಕೆಯನ್ನು ಒಂದು ವರ್ಷ ನೋಡಿದ್ದರು. ಕೊಟ್ಟಿಗೆಯ ಮಾಡು ಸೋರುವುದನ್ನು ನಾಲ್ಕು ವರ್ಷದಿಂದ ನೋಡುತ್ತಲೇ ಇದ್ದರು.

ಹಾಗಾಗಿ ಇಂಗ್ಲೆಂಡಿನ ವಿಷಯ ಎತ್ತುವಾಗ ನಾನು ದೊಡ್ಡ ಜಗಳಕ್ಕೇ ಸೊಂಟ ಕಟ್ಟಿ ಹೋಗಿದ್ದೆ. ಜಗಳ ಆಗಲೇ ಇಲ್ಲ. ಹೊಳೆಯಾಚೆಯ ಮನೆಯವರ ಅಳಿಯ ಅರಬ್ಬೀ ಸಮುದ್ರದಾಚೆಯ ಏಡನ್ ಬಂದರಿಗೆ ಕೆಲಸಕ್ಕೆ ಹೋಗಿ ಅಲ್ಲಿಂದ ಒಂದು ರೇಡಿಯೋ ಕಳಿಸಿದ್ದ. ಅವರು ಅದನ್ನು ನಮ್ಮ ಕಡೆಗೆ ಮುಖ ಮಾಡಿಸಿ ಇಟ್ಟಿದ್ದರು. ಅಲ್ಲಿ ಯಾರೋ ಹಾಡಿದರೆ ಇಲ್ಲಿ ಮಾವನ ಹೊಟ್ಟೆ ಉರಿಯುತ್ತಿತ್ತು.

‘ಈ ಇಂಗ್ಲೆಂಡ್ ಅನ್ನುವುದು ಏಡನ್ನಿಗಿಂತ ಆಚೆಯಾ ಈಚೆಯಾ?’ ಮಾವ ಕೇಳಿದರು.

‘ತುಂಬ ಆಚೆ ಮಾವ. ಹಡಗು ಏಡನ್ ದಾಟಿಯೇ ಹೋಗ್ತದೆ.’

‘ದಾಟಿ ಹೋಗ್ತದಾ?’

‘ದಾಟಿ ಹೋಗ್ತದೆ.’

‘ಹಾಗಾದರೆ ಹೋಗು.’

ಒಬ್ಬ ಹೆಣ್ಣುಮಗಳ ಓದು, ಕೆಲಸ, ಮುಂದಿನ ಬದುಕು ಎಲ್ಲ ಹೀಗೆ ನೆರೆಮನೆಯ ರೇಡಿಯೋದ ಮೇಲೆ ತೀರ್ಮಾನವಾಯಿತು. ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ. ಇಂಥವರಿಂದ ಇನ್ನೇನು ನಿರೀಕ್ಷಿಸುವುದು ಎಂದುಕೊಂಡೆ.

ಆಮೇಲೆ ಶುರುವಾಯಿತು ಸಮ್ಮಾನದ ಊಟ. ನಮ್ಮ ಕಡೆ ಮದುವೆಯಾದ ಜೋಡಿಯನ್ನು ಒಂದೊಂದು ನೆಂಟರ ಮನೆಯವರು ಕರೆದು ಕೋಳಿ ಕೊಯ್ದು ಬಡಿಸುತ್ತಾರೆ. ದೂರದೇಶಕ್ಕೆ ಹೊರಟವರಿಗೂ ನಮ್ಮ ಕುಟುಂಬದಲ್ಲಿ ಅದೇ ಕ್ರಮ ಇಟ್ಟುಕೊಂಡಿದ್ದರು. ಅದಕ್ಕೆ ಒಂದು ನಿಯಮವೂ ಉಂಟು. ಉಂಡವರು ಹೋಗಲೇಬೇಕು. ಹೋಗುವುದು ನಿಂತರೆ, ನಿಲ್ಲಿಸಿದವರು ಉಣ್ಣಿಸಿದ ಪ್ರತಿಯೊಂದು ಮನೆಯ ಅಂಗಳಕ್ಕೂ ತಾವೇ ಹೋಗಿ, ಯಾಕೆ ನಿಂತಿತು ಎಂದು ಬಾಯಲ್ಲೇ ಹೇಳಿ ಬರಬೇಕು. ಕಾಗದ ಬರೆದರೆ ಸಾಲದು, ಆಳಿನ ಹತ್ತಿರ ಹೇಳಿಕಳಿಸಿದರೆ ಅವಮಾನ.

ಬಂಟ್ವಾಳದಿಂದ ಮುಂಡಾಜೆಯವರೆಗೆ ನಮಗೆ ಒಂಬತ್ತು ಮನೆ. ಏಪ್ರಿಲ್ ಮೇ ತಿಂಗಳ ನನ್ನ ರಜೆಯ ಭಾನುವಾರಗಳೆಲ್ಲ ಹೀಗೆ ಹೋದವು. ಪ್ರತಿ ಮನೆಯಲ್ಲೂ ಅದೇ ರೊಟ್ಟಿ, ಅದೇ ಕೋಳಿ ಸಾರು, ಅದೇ ಉಪದೇಶ. ಅಲ್ಲಿ ದನದ ಮಾಂಸ ತಿನ್ನಬೇಡ. ಬಿಳಿಯನನ್ನು ಕಟ್ಟಿಕೊಳ್ಳಬೇಡ. ಚಳಿಗೆ ಸ್ನಾನ ಬಿಡಬೇಡ, ಅವರು ಮಾಡುವುದಿಲ್ಲವಂತೆ. ಉಪದೇಶ ಮುಗಿದ ಮೇಲೆ ಬೇಡಿಕೆ. ಬಂಟ್ವಾಳದ ಮನೆಯ ಯಜಮಾನರಿಗೆ ನೀರಲ್ಲಿ ಬಿದ್ದರೂ ಕೆಡದ ವಾಚು ಬೇಕು. ಅವರು ಬಾವಿಗೂ ಇಣುಕಿದವರಲ್ಲ. ಒಬ್ಬರಿಗೆ ನೈಲಾನ್ ಸೀರೆ, ಇನ್ನೊಬ್ಬರಿಗೆ ಟಾರ್ಚು. ಮುಂಡಾಜೆಯಲ್ಲಿ ಮಾವನ ಅತ್ತೆಗೆ ಮೊಣಕಾಲು ನೋವಿಗೆ ಇಂಗ್ಲಿಷ್ ಮದ್ದು ಬೇಕು. ಇಲ್ಲಿಯ ಇಂಗ್ಲಿಷ್ ಮದ್ದಿನಲ್ಲಿ ಇಂಗ್ಲಿಷು ಕಡಿಮೆಯಂತೆ.

ನಾನು ಅಲ್ಲಿ ಏನು ಕಲಿಯುತ್ತೇನೆ ಎಂದು ಉಂಡ ಮನೆಗಳಲ್ಲಿ ಒಂದು ಮನೆಯವರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಒಳ್ಳೆಯ ಮಾತುಗಳನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ. ಮನೆಗೆ ಬಂದ ಮೇಲೆ ಪ್ರತಿ ಸಲವೂ ಹೊಟ್ಟೆ ತೊಳಸುತ್ತಿತ್ತು. ಮಾಂಸ ಜಾಸ್ತಿಯಾಯಿತು ಎಂದು ದೊಡ್ಡಮ್ಮ ಜೀರಿಗೆ ಕಷಾಯ ಮಾಡಿ ಕೊಡುತ್ತಿದ್ದಳು. ಎರಡು ವಾರ ಕೋಳಿ ಮುಟ್ಟದಿದ್ದಾಗಲೂ ತೊಳಸಿತು. ಅದಕ್ಕೂ ಕಷಾಯ ಕುಡಿದೆ.

ಏಳು ಮನೆ ಮುಗಿದಿತ್ತು. ಎರಡು ಬಾಕಿ. ಅಷ್ಟರಲ್ಲಿ ಜೂನ್ ಬಂತು, ಮಳೆಯ ಜೊತೆಗೇ ದೆಹಲಿಯವರು ರೂಪಾಯಿಯ ಬೆಲೆಯನ್ನೂ ಇಳಿಸಿದರು.

ಮಾವ ಬೆಳ್ತಂಗಡಿಯ ಹೋಟೆಲಿನಲ್ಲಿ ಕೇಳಿಕೊಂಡು ಬಂದರು. ಕೊಡೆಯನ್ನು ಮಡಿಸಲೂ ಇಲ್ಲ, ಜಗಲಿಯಲ್ಲಿ ಹಾಗೇ ನಿಂತು, ‘ರೂಪಾಯಿ ಬಿತ್ತಂತೆ’ ಅಂದರು. ದೊಡ್ಡಮ್ಮ ಒಳಗಿಂದ ‘ಎಲ್ಲಿ ಬಿತ್ತು?’ ಎಂದು ಕೇಳಿಕೊಂಡು ಬಂದಳು. ಮಾವನಿಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ರೂಪಾಯಿಗೆ ಹೊರಗಿನ ದೇಶದಲ್ಲಿ ಮೊದಲಿನ ಮರ್ಯಾದೆ ಇಲ್ಲವಂತೆ ಎಂದಷ್ಟೇ ಹೇಳಿದರು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಜನ್ಮದಲ್ಲಿ ಹತ್ತು ರೂಪಾಯಿಯ ನೋಟನ್ನು ತನ್ನ ಕೈಯಾರೆ ಮುರಿಸಿದವಳಲ್ಲ. ಮಾರನೇ ದಿನವೇ ಬಾಕಿ ಇದ್ದ ಎರಡು ಮನೆಯವರಿಂದ ಹೇಳಿಕೆ ಬಂತು. ಒಂದು ಮನೆಯಲ್ಲಿ ಜ್ವರವಂತೆ, ಇನ್ನೊಂದು ಮನೆಯ ದಾರಿಗೆ ಮರ ಬಿದ್ದಿದೆಯಂತೆ. ಎರಡು ಕೋಳಿ ಬದುಕಿಕೊಂಡವು.

ಮಾವ ನನ್ನನ್ನು ಕರೆದುಕೊಂಡು ಬಂಟ್ವಾಳಕ್ಕೆ ಹೊರಟರು. ಅಲ್ಲಿಯ ಪೇಟೆಯಲ್ಲಿ ಕೊಂಕಣಿ ಮಾತನಾಡುವ ಒಬ್ಬ ಜವಳಿ ವ್ಯಾಪಾರಿ ಇದ್ದರು. ಅವರ ತಮ್ಮ ಮುಂಬಯಿಯಲ್ಲಿ ಹಡಗಿನ ಟಿಕೆಟ್ ಮಾಡಿಸುವ ಆಫೀಸಿನ ಗುಮಾಸ್ತ. ನಮ್ಮ ಸುತ್ತಿನವರು ಏಡನ್ನಿಗೆ ಹೋಗಲಿ ಆಫ್ರಿಕಕ್ಕೆ ಹೋಗಲಿ, ಮೊದಲು ಅವರ ಅಂಗಡಿಯ ಮೆಟ್ಟಿಲು ಹತ್ತಬೇಕು.

ವ್ಯಾಪಾರಿಗಳು ಮುಚ್ಚಿಡದೆ ಹೇಳಿದರು. ‘ಟಿಕೆಟಿನ ದರ ಪೌಂಡಿನ ಲೆಕ್ಕದಲ್ಲಿ ಇರುವುದು. ಹಾಗಾಗಿ ರೂಪಾಯಿಯಲ್ಲಿ ಏರಿದೆ. ಮೊದಲು ಹೇಳಿದ್ದರ ಮೇಲೆ ಇನ್ನೂ ಅರ್ಧದಷ್ಟು ಬೇಕಾದೀತು, ಸ್ವಲ್ಪ ಹೆಚ್ಚೇ ಅನ್ನಿ.’

ಆ ಮಾತು ಕಿವಿಗೆ ಬಿದ್ದ ಕೂಡಲೇ ತಿಂಗಳುಗಟ್ಟಲೆ ಕಾಡಿದ ನನ್ನ ಹೊಟ್ಟೆಯ ತೊಳಸಾಟ ನಿಂತುಹೋಯಿತು. ಅಂಗಡಿಯ ಹಿಂದಿನ ನದಿಯ ಗಾಳಿ ಹಿತವಾಯಿತು ಎಂದುಕೊಂಡೆ.

‘ಆದರೆ ನಿಮಗೆ ಇದು ನಷ್ಟ ಅಲ್ಲ,’ ವ್ಯಾಪಾರಿಗಳು ಮುಂದುವರಿಸಿದರು. ‘ಇವರು ಅಲ್ಲಿ ಒಂದು ಪೌಂಡು ಉಳಿಸಿ ಮನೆಗೆ ಕಳಿಸಿದರೆ ಮೊದಲು ಹದಿಮೂರು ರೂಪಾಯಿ ಚಿಲ್ಲರೆ ಸಿಗ್ತಿತ್ತು. ಇನ್ನು ಇಪ್ಪತ್ತೊಂದು ಸಿಗ್ತದೆ. ನೀವು ಇಲ್ಲಿಂದ ಕೊಡುವುದು ಒಂದು ಸಲ. ಅಲ್ಲಿಂದ ಬರುವುದು ತಿಂಗಳು ತಿಂಗಳು. ಇಂಥ ಹೊತ್ತಿನಲ್ಲೇ ಹೋಗಬೇಕಾದ್ದು.’

‘ಅದು ಬಂದ ಮೇಲಿನ ಮಾತು,’ ಮಾವ ಅಂದರು. ‘ಈಗ ಕೊಡುವುದು ನಾನಲ್ವಾ ಮಾರಾಯ್ರೆ.’

ವ್ಯಾಪಾರಿಗಳು ನನ್ನ ಮುಖ ನೋಡಿದರು. ನೀವಾದರೂ ಬಿಡಿಸಿ ಹೇಳಿ ಎನ್ನುವ ಹಾಗೆ. ನಾನು ಗಾಜಿನ ಪೆಟ್ಟಿಗೆಯಲ್ಲಿದ್ದ ಲೇಸು ನೋಡುತ್ತ ಕೂತೆ. ಬಸ್ಸಿನಲ್ಲಿ ಬರುವಾಗ ಮಾವನ ಪಕ್ಕದಲ್ಲಿ ಕೂತು, ಈ ಮನುಷ್ಯನಿಗೆ ಒಂದು ಸಾದಾ ಲೆಕ್ಕ ತಲೆಗೆ ಹೋಗುವುದಿಲ್ಲವಲ್ಲ, ಇವರ ಕೈಯಲ್ಲಿ ನನ್ನ ಬದುಕು ಸಿಕ್ಕಿಬಿದ್ದಿದೆಯಲ್ಲ ಎಂದು ಮನಸಾರೆ ಬೈದುಕೊಂಡೆ. ಬೈಯುವುದರಲ್ಲಿ ಒಂದು ಸುಖವಿತ್ತು.

ಮುಂದಿನ ಭಾನುವಾರ ಮನೆಯಲ್ಲಿ ಪಂಚಾಯಿತಿಕೆ. ಉಣ್ಣಿಸಿದ ಮನೆಗಳಿಂದಲೂ ಇಬ್ಬರು ಮೂವರು ಹಿರಿಯರು ಬಂದು ಕೂತರು. ಕೋಳಿ ಕೊಟ್ಟವರಿಗೆ ಮಾತಾಡುವ ಹಕ್ಕುಂಟಲ್ಲ. ವಾಚಿನವರು, ರೂಪಾಯಿ ಬಿದ್ದಿರುವಾಗ ವಾಚೂ ತುಟ್ಟಿಯಾಗಬಹುದು, ಹುಡುಗಿಗೆ ಯಾಕೆ ತೊಂದರೆ ಎಂದು ದೊಡ್ಡ ಮನಸ್ಸು ಮಾಡಿದರು. ಇನ್ನೊಬ್ಬರು, ಬಿದ್ದದ್ದು ಏಳಲೇಬೇಕು, ಇದೆಲ್ಲ ಒಂದು ಆರು ತಿಂಗಳ ಸಂಗತಿ ಎಂದರು. ಅವರು ರೂಪಾಯಿಯನ್ನು ಜ್ವರ ಬಂದ ಎತ್ತು ಎಂದು ತಿಳಿದಿದ್ದರು. ಎಲ್ಲರೂ ತಲೆಯಾಡಿಸಿದರು.

ಕೊನೆಗೆ ಮಾವ ತೀರ್ಮಾನ ಹೇಳಿದರು. ‘ರೂಪಾಯಿ ಏಳಲಿ. ಆಮೇಲೆ ಹೋಗುವ.’

ಹೋಗುವ! ಇಡೀ ಕುಟುಂಬವೇ ಹಡಗು ಹತ್ತುವ ಹಾಗೆ. ಆ ಸಭೆಯಲ್ಲಿ ವ್ಯಾಪಾರಿಗಳ ಲೆಕ್ಕ ಅರ್ಥವಾಗಿದ್ದದ್ದು ನನಗೊಬ್ಬಳಿಗೇ. ಎರಡು ನಿಮಿಷದಲ್ಲಿ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಇಂಥ ದಡ್ಡರ ಮುಂದೆ ಬಾಯಿ ಬಿಡುವುದು ನನ್ನ ಮರ್ಯಾದೆಗೆ ಕಡಿಮೆ ಎಂದುಕೊಂಡು, ಮುಖ ಊದಿಸಿಕೊಂಡು ಸಂಜೆಯ ಬಸ್ಸಿಗೆ ಮೂಡುಬಿದಿರೆಗೆ ಹೊರಟುಬಂದೆ.

ಆಸ್ಪತ್ರೆಯಲ್ಲಿ ನನ್ನ ದುಃಖಕ್ಕೆ ಒಳ್ಳೆಯ ಕೇಳುಗರು ಸಿಕ್ಕಿದರು. ಡಾಕ್ಟರಮ್ಮನಿಗೆ ಹೇಳಿದೆ. ಆಯಾಳಿಗೆ ಹೇಳಿದೆ. ಹೆರಿಗೆಗೆ ಬಂದವರ ತಾಯಂದಿರಿಗೂ ಹೇಳಿದೆ. ಎಲ್ಲರೂ ‘ಅಯ್ಯೋ ಪಾಪ, ಎಂಥ ಜನ’ ಎಂದರು. ನಾನು ಇನ್ನೂ ಸ್ವಲ್ಪ ಮಸಾಲೆ ಹಾಕಿ ಹೇಳಿದೆ. ಮಾವನ ದನಿಯಲ್ಲಿ ‘ರೂಪಾಯಿ ಏಳಲಿ’ ಎಂದು ಅಣಕಿಸಿ ನಗಿಸಲೂ ಕಲಿತೆ. ಊಟ ಚೆನ್ನಾಗಿ ಸೇರುತ್ತಿತ್ತು.

ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ ಆಯಾ ಬಂದು, ‘ನಿಮ್ಮ ಮನೆಯವರು ಯಾರೋ ಬಂದಿದ್ದಾರೆ’ ಎಂದಳು. ಹೊರಗೆ ಬಂದೆ. ಹೆಂಡತಿಯ ಹೆರಿಗೆಗೆ ಕಾಯುವ ಗಂಡಸರು ಕೂರುವ ಬೆಂಚಿನ ತುದಿಯಲ್ಲಿ ಮಾವ ಕೂತಿದ್ದರು. ಸೊಂಟದವರೆಗೆ ನೆನೆದಿದ್ದರು. ನಾನು ಕೆಲಸಕ್ಕೆ ಸೇರಿದ ಮೇಲೆ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಅವರ ಮುಖದಲ್ಲಿ ಏನೋ ಬದಲಾಗಿತ್ತು. ಏನು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಯಜಮಾನಿಕೆ ಬಂದ ದಿನದಿಂದ ಕಿವಿಯಲ್ಲಿದ್ದ ಕೆಂಪುಹರಳಿನ ಚಿನ್ನದ ಒಂಟಿ ಇರಲಿಲ್ಲ. ಎರಡೂ ಕಿವಿ ಬರಿದಾಗಿ ಜೋತಾಡುತ್ತಿದ್ದವು.

‘ಮಾವ, ಒಂಟಿ ಎಲ್ಲಿ?’

‘ಬಂಟ್ವಾಳದಲ್ಲಿ ಉಂಟು,’ ಅಂದರು.

ಆಮೇಲೆ ಅಂಗಿಯೊಳಗಿಂದ ಎಣ್ಣೆಕಾಗದದ ಒಂದು ಕಟ್ಟು ತೆಗೆದು ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಇಟ್ಟರು. ‘ಟಿಕೆಟಿಗೆ ಹೆಚ್ಚಾದದ್ದು ಇದರಲ್ಲಿ ಉಂಟು. ಒಂಟಿ ಮಾರಿದ್ದು, ಉಂಗುರ ಮಾರಿದ್ದು. ಮೊದಲು ತೆಗೆದಿಟ್ಟದ್ದು ಹಾಗೇ ಉಂಟು.’



‘ಆ ಲೆಕ್ಕ ನನಗೆ ಮೊದಲು ಗೊತ್ತಾಗಲಿಲ್ಲ ಮಗಾ,’ ಮಾವ ಅಂದರು. ‘ಮತ್ತೆ ಹೋಗಿ ಕೇಳಿದೆ. ಅವರು ಅಂಗಿಯ ಗುಂಡಿ ಸಾಲಾಗಿ ಇಟ್ಟು ತೋರಿಸಿದರು. ಆಗಲೂ ಗೊತ್ತಾಗಲಿಲ್ಲ. ಮೂರನೇ ಸಲ ಹೋದಾಗ ತಲೆಗೆ ಹೋಯಿತು. ರೂಪಾಯಿ ಬಿದ್ದದ್ದು ನಿನಗೆ ಒಳ್ಳೆಯದೇ. ನಾವು ಸುಮ್ಮನೆ ತಲೆ ಮೇಲೆ ಕೈ ಹೊತ್ತು ಕೂತದ್ದು. ನಾಳೆಯೇ ಟಿಕೆಟಿಗೆ ಹೇಳುವ.’

ಹೊಟ್ಟೆ ತೊಳಸಿತು. ಆ ಹೊತ್ತಿಗೆ ಅದಕ್ಕೆ ಕೋಳಿಯ ಹೆಸರು ಹೇಳುವಂತಿರಲಿಲ್ಲ. ನನಗೆ ಹೆದರಿಕೆ. ಕಾಗದ ಬಂದ ದಿನದಿಂದಲೇ ಹೆದರಿಕೆ. ಆ ಕಾಗದವನ್ನು ನಾನು ಡಿಕ್ಷನರಿ ಇಟ್ಟುಕೊಂಡು ಓದಿದ್ದೆ. ಮೂಡುಬಿದಿರೆಯಲ್ಲಿ ನನ್ನನ್ನು ‘ಸಿಸ್ಟರ್’ ಎಂದು ಕರೆಯುತ್ತಿದ್ದರು. ನೋವು ತಿನ್ನುವ ಹೆಂಗಸರು ನನ್ನ ಕೈಯನ್ನೇ ಹುಡುಕಿ ಹಿಡಿದುಕೊಳ್ಳುತ್ತಿದ್ದರು. ಇಂಗ್ಲೆಂಡಿನಲ್ಲಿ ನಾನು ಮೊದಲನೇ ವರ್ಷದವಳು. ಹದಿನೆಂಟರ ಹುಡುಗಿಯರ ಸಾಲಿನಲ್ಲಿ ನಿಂತು, ಅರ್ಥವಾಗದ ಇಂಗ್ಲಿಷಿನಲ್ಲಿ ಬೈಸಿಕೊಂಡು, ಮಲದ ಪಾತ್ರೆ ತೊಳೆಯಬೇಕು. ಏಳು ಮನೆಯಲ್ಲಿ ಎದೆಯುಬ್ಬಿಸಿ ಉಂಡವಳಿಗೆ ಇದನ್ನು ಯಾರ ಹತ್ತಿರವೂ ಹೇಳುವ ಧೈರ್ಯ ಇರಲಿಲ್ಲ. ರೂಪಾಯಿ ಬಿದ್ದಾಗ ನನ್ನಷ್ಟು ಸಂತೋಷಪಟ್ಟವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

‘ಬೇಡ ಮಾವ,’ ಅಂದೆ. ‘ರೂಪಾಯಿ ಏಳಲಿ. ಆಮೇಲೆ ನೋಡುವ.’

ಮಾವ ನನ್ನನ್ನೇ ನೋಡಿದರು. ‘ಹೆದರಿಕೆಯಾ ಮಗಾ?’ ಎಂದು ಮೆಲ್ಲಗೆ ಕೇಳಿದರು. ಬೆಂಚಿನಲ್ಲಿದ್ದ ಬೇರೆಯವರಿಗೆ ಕೇಳದ ಹಾಗೆ.

‘ಹೆದರಿಕೆ ಎಂಥದ್ದು? ಸುಮ್ಮನೆ ನಷ್ಟ ಯಾಕೆ ಅಂತ.’

ಮೂರು ಸಲ ಬಸ್ಸು ಹತ್ತಿ ಇಳಿದು, ಅಂಗಡಿಯಲ್ಲಿ ಗುಂಡಿ ಎಣಿಸಿ ಕಲಿತು ಬಂದ ಮುದುಕನಿಗೆ ನಾನು ನಷ್ಟದ ಪಾಠ ಹೇಳಿದೆ. ಅವರು ವಾದ ಮಾಡಲಿಲ್ಲ. ‘ಆಯ್ತು’ ಅಂದರು. ಕಟ್ಟನ್ನು ಮತ್ತೆ ಅಂಗಿಯೊಳಗೆ ಇಟ್ಟುಕೊಂಡರು. ಬೆಳ್ತಂಗಡಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಒಂದು ಲೋಟ ಕಾಫಿ ಕುಡಿದು ಹೋಗಿ ಎನ್ನಲೂ ನನಗೆ ಬಾಯಿ ಬರಲಿಲ್ಲ. ಒಳಗೆ ತುಂಬ ಕೆಲಸ ಉಂಟು ಎಂದೆ. ಆ ದಿನ ವಾರ್ಡಿನಲ್ಲಿ ಇದ್ದದ್ದು ಒಬ್ಬಳೇ, ಹೆತ್ತು ಐದು ದಿನವಾಗಿ ಮನೆಗೆ ಹೊರಟು ಕೂತವಳು.

ದೀಪಾವಳಿಗೆ ಊರಿಗೆ ಹೋದಾಗ ಉಳಿದದ್ದು ಗೊತ್ತಾಯಿತು. ಮೂಡುಬಿದಿರೆಯಿಂದ ಹಿಂತಿರುಗಿದ ವಾರವೇ ಮಾವ ಆ ಮಳೆಯಲ್ಲಿ, ಬಂಟ್ವಾಳದಿಂದ ಮುಂಡಾಜೆಯವರೆಗೆ, ಏಳು ಮನೆಯ ಅಂಗಳದಲ್ಲೂ ನಿಂತು ಹೇಳಿ ಬಂದಿದ್ದರು. ‘ಹುಡುಗಿ ಹೊರಟೇ ಇದ್ದಳು. ನಾನೇ ಬೇಡ ಅಂದೆ. ಅಷ್ಟು ಹಣ ಕೊಡಲು ನನಗೆ ಮನಸ್ಸಾಗಲಿಲ್ಲ.’ ಹೋಗದೆ ಕೂತವಳು ನಾನು, ಅಂಗಳದಲ್ಲಿ ನಿಂತದ್ದು ಅವರು. ಒಂಟಿಯ ವಿಷಯ ಅವರು ಎಲ್ಲೂ ಹೇಳಲಿಲ್ಲ. ಹೊಳೆಯಲ್ಲಿ ಮೀಯುವಾಗ ಬಿದ್ದುಹೋಯಿತು ಎಂದು ಮನೆಯಲ್ಲಿ ನಂಬಿಸಿದ್ದರು. ‘ಎರಡೂ ಕಿವಿಯದ್ದು, ಬೆರಳಿನ ಉಂಗುರವೂ ಒಂದೇ ಮುಳುಗಿಗೆ ಹೋಯಿತಂತೆ, ಇಷ್ಟು ಜಾಗ್ರತೆ ಇದ್ದ ಮನುಷ್ಯ’ ಎಂದು ದೊಡ್ಡಮ್ಮ ನನಗೆ ಹೇಳಿ ನಕ್ಕಳು. ನಾನೂ ನಕ್ಕೆ.

ಜಿಪುಣ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಮದುವೆಮನೆಗಳಲ್ಲಿ ಪಂಕ್ತಿಯಲ್ಲಿ ಕೂತವರು, ಸೋದರಸೊಸೆಯ ಟಿಕೆಟ್ ಉಳಿಸಿದವರಿಗೆ ಇನ್ನೊಂದು ಹೋಳಿಗೆ ಹಾಕಿ ಎಂದು ಅವರು ಕೇಳುವ ಹಾಗೆ ಹೇಳುತ್ತಿದ್ದರು. ನನ್ನ ಬಗ್ಗೆ ಎಲ್ಲರಿಗೂ ಕನಿಕರ. ಎಷ್ಟು ದೊಡ್ಡ ಜಾಗಕ್ಕೆ ಹೋಗಬೇಕಾದವಳು ಎಂದು ತಲೆ ಸವರುತ್ತಿದ್ದರು. ಸವರಿಸಿಕೊಂಡೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಈ ಸಲ ಹೇಳುವ, ಮುಂದಿನ ಸಲ ಹೇಳುವ ಎಂದು ಮೂರು ವರ್ಷ ನೋಡುತ್ತಲೇ ಇದ್ದೆ.

ಅರವತ್ತೊಂಬತ್ತರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾವು ಮೂವರೇ ಮನೆಯಲ್ಲಿದ್ದೆವು. ಮಾವನಿಗೆ ಆಗ ಆರೋಗ್ಯ ಸರಿ ಇರಲಿಲ್ಲ, ಗಂಜಿ ಮಾತ್ರ ಸೇರುತ್ತಿತ್ತು. ನಾನು ಬಡಿಸುತ್ತಿದ್ದೆ. ಏಡನ್ನಿನಿಂದ ಬಂದವನು ಹೊಳೆಯಾಚೆ ಹಂಚಿನ ಹೊಸ ಮನೆಗೆ ಒಕ್ಕಲಾಗುತ್ತಿದ್ದಾನೆ ಎಂದು ದೊಡ್ಡಮ್ಮ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ಸಿಟ್ಟು ಏರಿತು.

‘ಅಣ್ಣ, ನೀವು ಈ ಹುಡುಗಿಯ ಬದುಕು ಹಾಳು ಮಾಡಿದಿರಿ,’ ಎಂದು ನೇರವಾಗಿ ಅಂದಳು. ‘ತಾಯಿಯಿಲ್ಲದ ಮಗು ಅಂತಲಾದರೂ ನೋಡಬೇಕಿತ್ತು. ಎಷ್ಟು ಆಸೆ ಇಟ್ಟುಕೊಂಡಿದ್ದಳು. ನಾಲ್ಕು ಕಾಸಿಗಾಗಿ ಕಟ್ಟಿಹಾಕಿದಿರಿ.’

ನನ್ನ ಕೈಯಲ್ಲಿ ಸೌಟು ಇತ್ತು. ಮಾವ ತಲೆಯೆತ್ತಿ ನನ್ನ ಕಡೆ ನೋಡಿದರು. ಸಿಟ್ಟಿನಿಂದ ಅಲ್ಲ, ಕೇಳಿಕೊಳ್ಳುವ ಹಾಗೂ ಅಲ್ಲ. ಹೇಳುತ್ತೀಯೋ ಎಂದು ಸ್ವಲ್ಪ ಕಾದರು, ಅಷ್ಟೇ. ನಾನು ಗಂಜಿಯ ಪಾತ್ರೆ ನೋಡಿದೆ.

‘ಹೌದು,’ ಅಂದರು ದೊಡ್ಡಮ್ಮನಿಗೆ. ‘ನನ್ನದೇ ತಪ್ಪು.’

ಆಮೇಲೆ ಬಟ್ಟಲು ಮುಂದೆ ಸರಿಸಿದರು. ಗಂಜಿಯ ತಿಳಿ ಸಾಕೋ, ಅನ್ನವೂ ಬೇಕೋ ಎಂದು ಕೇಳಿದೆ. ಅಷ್ಟನ್ನೇ ಕೇಳಿದೆ.